ಮಗ್ಗಕ್ಕೆ ಮೋಟರ್ ಹಾಕುವ ಮೊದಲು

ಪ್ರಾಜೆಕ್ಟ್ ಎಕ್ಸ್‌ಪೋ ಬಂತು ಅಂದ್ರೆ ಮೂರು ಪೋಸ್ಟರ್ ಗ್ಯಾರಂಟಿ. ಒಂದು ಸ್ಮಾರ್ಟ್ ಡಸ್ಟ್‌ಬಿನ್. ಇನ್ನೊಂದು ಗಿಡಕ್ಕೆ ತಾನೇ ನೀರು ಬಿಡೋ ಮಶೀನು. ಮೂರನೆಯದು ಕೈಮಗ್ಗದ ಆಟೊಮೇಶನ್. ಈ ಮೂರನೆಯದರಲ್ಲಿ ಒಂದು ಮರದ ಚೌಕಟ್ಟು, ಒಂದು ಸ್ಟೆಪರ್ ಮೋಟರ್, ಒಂದು ಆರ್ಡುಯಿನೊ ಇರುತ್ತೆ. ಪಿಪಿಟಿಯ ಮೊದಲ ಸ್ಲೈಡಿನಲ್ಲಿ ಗೂಗಲ್‌ನಿಂದ ತೆಗೆದ ಮುದುಕ ನೇಕಾರನ ಫೋಟೊ, ಕೊನೆಯ ಸ್ಲೈಡಿನಲ್ಲಿ "ನೇಕಾರರ ಬದುಕು ಹಸನಾಗುತ್ತದೆ" ಅಂತ ಒಂದು ಸಾಲು. ಜಡ್ಜ್‌ಗಳು ತಲೆ ಆಡಿಸ್ತಾರೆ, ಸರ್ಟಿಫಿಕೇಟ್ ಸಿಗುತ್ತೆ, ಮೋಟರು ಲ್ಯಾಬಿಗೆ ವಾಪಸ್ ಹೋಗುತ್ತೆ.

ಮಾಡುವವರನ್ನ ಗೇಲಿ ಮಾಡೋದು ನಮ್ಮ ಉದ್ದೇಶ ಅಲ್ಲ. ಅವರ ಸೋಲ್ಡರಿಂಗ್ ನಮ್ಮದಕ್ಕಿಂತ ಚೆನ್ನಾಗಿರುತ್ತೆ. ನಮ್ಮ ತಕರಾರು ಒಂದೇ: ಇವರಲ್ಲಿ ಯಾರೂ ನೇಕಾರರ ಮನೆಗೆ ಹೋಗಿ "ನಿಮಗೆ ಯಾವುದು ಕಷ್ಟ?" ಅಂತ ಕೇಳಿದ ಹಾಗೆ ಕಾಣೋದಿಲ್ಲ. ಕೇಳಿದ್ದರೆ ಮೋಟರನ್ನು ಮಗ್ಗಕ್ಕೆ ಕಟ್ಟುತ್ತಿರಲಿಲ್ಲ.

ಮೊದಲು ಕಾನೂನಿನ ಮಾತು, ಯಾಕಂದ್ರೆ ಇದು ನಮ್ಮ ಸಿಲಬಸ್‌ನಲ್ಲಿ ಎಲ್ಲೂ ಇಲ್ಲ. 1985ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗದವರು ಮಾತ್ರ ನೇಯಬೇಕು, ಪವರ್‌ಲೂಮಿನವರು ನೇಯಬಾರದು ಅಂತ. ಮೊದಲಿಗೆ ಆ ಪಟ್ಟಿಯಲ್ಲಿ 22 ಬಗೆ ಇದ್ದವು, ಆಮೇಲೆ ಇಳಿದು 11 ಆದವು: ಕೆಲ ತರದ ಸೀರೆ, ಧೋತರ, ಟವೆಲ್, ಲುಂಗಿ, ಜಮಖಾನೆ, ಕಂಬಳಿ ಇತ್ಯಾದಿ. ಆ ಕಾಯ್ದೆಯಲ್ಲಿ ಕೈಮಗ್ಗ ಅಂದ್ರೆ ಏನು ಅನ್ನೋದಕ್ಕೆ ಉತ್ತರ ಬಹಳ ಸರಳ. ಪವರ್‌ಲೂಮ್ ಅಲ್ಲದ ಮಗ್ಗ ಕೈಮಗ್ಗ. ಪವರ್‌ಲೂಮ್ ಅಂದ್ರೆ ಕರೆಂಟಿನಿಂದ ಅಥವಾ ಮನುಷ್ಯ, ಪ್ರಾಣಿಗಳ ಬಲ ಅಲ್ಲದ ಬೇರೆ ಶಕ್ತಿಯಿಂದ ನಡೆಯೋದು. ಅಂದ್ರೆ ನಮ್ಮ ಎಕ್ಸ್‌ಪೋದ ಆ ಮೋಟರನ್ನು ನಿಜವಾಗಿಯೂ ಒಬ್ಬರ ಮನೆಯ ಮಗ್ಗಕ್ಕೆ ಕಟ್ಟಿದರೆ, ಸ್ವಿಚ್ ಒತ್ತಿದ ಕ್ಷಣವೇ ಅದು ಕೈಮಗ್ಗ ಅಲ್ಲ. ಆ ಮನೆಯವರಿಗೆ ಇದ್ದ ಸಣ್ಣ ರಕ್ಷಣೆಯೂ ಹೋಯ್ತು, 2006ರಿಂದ ಸಿಗುತ್ತಿರುವ ಹ್ಯಾಂಡ್‌ಲೂಮ್ ಮಾರ್ಕ್ ಕೂಡ ಹೋಯ್ತು. ಆಮೇಲೆ ಅವರು ಸ್ಪರ್ಧೆ ಮಾಡಬೇಕಾದದ್ದು ದೊಡ್ಡ ಶೆಡ್ಡಿನಲ್ಲಿ ಸಾಲಾಗಿ ನಿಂತ ಪವರ್‌ಲೂಮ್‌ಗಳ ಜೊತೆ, ಒಂದು ಸ್ಟೆಪರ್ ಮೋಟರ್ ಇಟ್ಟುಕೊಂಡು.

ಕಾಗದದ ಮೇಲಿನ ರಕ್ಷಣೆಗೆ ಬೆಲೆ ಎಷ್ಟು ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಪೇಟೆಯಲ್ಲಿ ಇಳಕಲ್ ಸೀರೆ ಅಂತ ಮಾರುವುದರಲ್ಲಿ ಪವರ್‌ಲೂಮಿನವೂ ಇವೆ, ಅದು ಅಂಗಡಿಯವರಿಗೂ ಗೊತ್ತು, ಕೊಳ್ಳುವ ಬಹಳ ಜನರಿಗೂ ಗೊತ್ತು. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರು. ಅದಕ್ಕೂ ಹತ್ತು ವರ್ಷ ಹಿಂದಿನ ಗಣತಿಯಲ್ಲಿ 43 ಲಕ್ಷ, 1995-96ರಲ್ಲಿ 65 ಲಕ್ಷ. ಈಗ ಉಳಿದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಹೆಂಗಸರು. ಸುಮಾರು ಮೂರರಲ್ಲಿ ಎರಡು ಪಾಲು ಮನೆಗಳ ತಿಂಗಳ ಆದಾಯ 5,000 ರೂಪಾಯಿ ಒಳಗೆ. ನಮ್ಮ ಹಾಸ್ಟೆಲ್ಲಿನ ಮೆಸ್ ಬಿಲ್ ಎಷ್ಟು ಅಂತ ಎಲ್ಲರಿಗೂ ಗೊತ್ತು. ಈ ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ.

ನಮ್ಮೂರು ಯಂಕಂಚಿ, ಸಿಂದಗಿ ತಾಲ್ಲೂಕು, ವಿಜಯಪುರ ಜಿಲ್ಲೆ. ನಾವು ಕಂಡಂತೆ ಅದು ಜೋಳ, ತೊಗರಿಯ ಊರು. ಮಗ್ಗದ ಸದ್ದು ಕೇಳುತ್ತಾ ಬೆಳೆದವರು ಅಲ್ಲ ನಾವು. ಆದರೆ ಬಟ್ಟೆಯ ಕೆಲಸ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಮಧ್ಯಾಹ್ನ ಊಟ ಆದ ಮೇಲೆ ಆಯಿ (ಅಜ್ಜಿಗೆ ನಾವು ಹಾಗೇ ಅನ್ನೋದು) ಓಣಿಯ ನಾಲ್ಕು ಮಂದಿಯನ್ನ ಕೂಡಿಸಿಕೊಂಡು ಕೌದಿ ಹೊಲೀತಾ ಕೂತರೆ ಸಂಜೆ ಹಾಲು ಹಿಂಡೋ ಹೊತ್ತಿನ ತನಕ ಏಳೋದಿಲ್ಲ. ಹಳೇ ಇಳಕಲ್ ಸೀರೆ, ಹಳೇ ಧೋತರ, ಅಪ್ಪನ ಹರಿದ ಅಂಗಿ, ಎಲ್ಲ ಒಂದರ ಮೇಲೊಂದು. ಒಂದು ಸೀರೆ ಉಟ್ಟು ಸವೆದು, ಆಮೇಲೆ ಕೌದಿಯಾಗಿ ಇನ್ನೂ ಎಷ್ಟೋ ವರ್ಷ ಹಾಸಿಗೆಯಲ್ಲಿ ಇರುತ್ತೆ. ಸಿಂಥೆಟಿಕ್ ಸೀರೆಯನ್ನ ಆಯಿ ಕೌದಿಗೆ ಹಾಕಗೊಡೋದಿಲ್ಲ. "ಅದು ಬೆವರು ಕುಡಿಯೂದಿಲ್ಲೊ" ಅಂತಾಳೆ. ನಾವು ಅದನ್ನ ಮಾಯಿಶ್ಚರ್ ರೀಗೇನ್ ಅಂತ ಓದಬೇಕಾಯ್ತು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ "ಹಾಸುಹೊಕ್ಕು" ಅನ್ನೋದು ಕನ್ನಡ ಪ್ರಬಂಧದಲ್ಲಿ ಮಾರ್ಕ್ಸ್‌ಗಾಗಿ ಬಳಸುವ ಪದ. ನಮ್ಮ ಸಂಸ್ಕೃತಿಯಲ್ಲಿ ಅದು ಹಾಸುಹೊಕ್ಕಾಗಿದೆ, ಇದು ಹಾಸುಹೊಕ್ಕಾಗಿದೆ. ಹಾಸು ಅಂದ್ರೆ ಮಗ್ಗದ ಉದ್ದದ ಎಳೆ, ಹೊಕ್ಕು ಅಂದ್ರೆ ಅಡ್ಡ ಹೋಗುವ ಎಳೆ ಅಂತ ತಿಳಿದದ್ದು ಕಳೆದ ರಜೆಯಲ್ಲಿ ಇಳಕಲ್ಲಿಗೆ ಹೋದಾಗ. ಸಿಂದಗಿಯಿಂದ ತಾಳಿಕೋಟೆ, ಮುದ್ದೇಬಿಹಾಳ, ಕೃಷ್ಣಾ ನದಿ ದಾಟಿ ಹುನಗುಂದ, ಅಲ್ಲಿಂದ ಇಳಕಲ್. ಬಸ್ಸು ಬದಲಿಸಿ ಬದಲಿಸಿ ಅರ್ಧ ದಿನ. ಇದೇ ಸೀಮೆಯ ಆಚೆ ಬದಿಗೆ, ಈಗಿನ ಯಾದಗಿರಿ ಜಿಲ್ಲೆಯಲ್ಲಿ, ಜೇಡರ ದಾಸಿಮಯ್ಯನ ಮುದನೂರು. ಜೇಡ ಅಂದ್ರೆ ನೇಕಾರ. ವಚನಕಾರರಲ್ಲಿ ಮೊದಲಿಗರ ಸಾಲಿನಲ್ಲಿ ಹೆಸರು ಬರುವ ಆ ಮನುಷ್ಯ ಮಗ್ಗದ ಮುಂದೆ ಕೂತವನು ಅನ್ನೋದು ನಮ್ಮ ಪಠ್ಯದಲ್ಲಿ ಒಂದು ಗೆರೆಯಾಗಿತ್ತು ಅಷ್ಟೆ.

ಇಳಕಲ್ಲಿನಲ್ಲಿ ನಾವು ಕೂತು ನೋಡಿದ್ದು ಮನೆಯೊಳಗಿನ ಒಂದು ಕುಣಿ ಮಗ್ಗ. ನೆಲದಲ್ಲಿ ಒಂದು ಕುಣಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯೋದು, ಕೈಯಲ್ಲಿ ಲಾಳಿ. ಕುಣಿ ಯಾಕೆ ಅಂತ ಕೇಳಿದ್ದಕ್ಕೆ ಆ ಮನೆಯ ಕಾಕಾ "ನೆಲದ ತಂಪಿಗೆ ನೂಲು ಹರಿಯೂದಿಲ್ಲ ತಮ್ಮಾ" ಅಂದರು. ಹತ್ತಿ ನೂಲು ತೇವ ಇದ್ದಾಗ ಹೆಚ್ಚು ಗಟ್ಟಿ. ಮಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ಇದಕ್ಕೆ ಗ್ರಾಫ್ ಇದೆ, ಅವರ ಮನೆಯಲ್ಲಿ ಇದಕ್ಕೆ ಕುಣಿ ಇದೆ.

ಇಳಕಲ್ ಸೀರೆಯ ನಿಜವಾದ ಎಂಜಿನಿಯರಿಂಗ್ ಇರೋದು ಸೆರಗಿನಲ್ಲಿ. ಬೇರೆ ಬಹುತೇಕ ಸೀರೆಗಳಲ್ಲಿ ಉದ್ದವಾದ ಒಂದೇ ಹಾಸು ಹಾಕಿ, ಒಂದರ ಹಿಂದೆ ಒಂದು ಸೀರೆ ನೇಯ್ದು ಕತ್ತರಿಸುತ್ತಾರೆ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ ಇರಬಹುದು, ಸೆರಗು ರೇಷ್ಮೆ ಅಥವಾ ಚಮಕಾ ಇರಬಹುದು. ಎರಡನ್ನೂ ಕೊಂಡಿ ಹಾಕಿ, ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಹೀಗಾಗಿ ಪ್ರತಿಯೊಂದು ಸೀರೆಗೂ ಹಾಸನ್ನ ಹೊಸದಾಗಿ ತಯಾರು ಮಾಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಚ್ ಸೈಜ್ ಒಂದು. ಪವರ್‌ಲೂಮಿನ ಲಾಭದ ಲೆಕ್ಕ ಇಡೀ ನಿಂತಿರೋದೇ ಉದ್ದದ ಹಾಸಿನ ಮೇಲೆ. ಆ ಲೆಕ್ಕವನ್ನ ಈ ಕೊಂಡಿ ಮುರಿಯುತ್ತೆ. ಕೆಂಪು ಸೆರಗಿನ ಮೇಲೆ ಬಿಳಿ ತೆನಿ, ಅಂದ್ರೆ ಜೋಳದ ತೆನಿ. ಹಣಿಗೆ, ಕೋಟೆಯ ಸಾಲು. ನಮ್ಮ ಹೊಲದಲ್ಲಿ ಇರೋದೇ ಸೆರಗಿಗೆ ಬಂದಿದೆ. ಮುಂದಿನ ಸಲ ಅಮ್ಮನ ಸೀರೆ ಕೈಗೆ ಸಿಕ್ಕರೆ ಸೆರಗು ಒಡಲಿಗೆ ಸೇರುವ ಗೆರೆಯನ್ನ ತಿರುವಿ ನೋಡಿ. ಕೊಂಡಿಗಳು ಕಂಡರೆ ಅಲ್ಲಿ ಯಾರೋ ಗಂಟೆಗಟ್ಟಲೆ ಕೂತಿದ್ದಾರೆ.

ಮಗ್ಗ ಮತ್ತು ಕಂಪ್ಯೂಟರ್ ಸಂಬಂಧ ಎಲ್ಲರಿಗೂ ಗೊತ್ತಿರೋ ಕಥೆ: 1804ರ ಸುಮಾರಿಗೆ ಜಕಾರ್ಡ್, ತೂತಿನ ಕಾರ್ಡು, 1890ರ ಅಮೆರಿಕದ ಜನಗಣತಿಯಲ್ಲಿ ಹಾಲೆರಿತ್, ಅಲ್ಲಿಂದ ಐಬಿಎಂ. ಅದನ್ನ ಬಿಡೋಣ. ಅದಕ್ಕಿಂತ ಸಣ್ಣ, ಆದರೆ ನಮಗೆ ಹೆಚ್ಚು ಖುಷಿ ಕೊಟ್ಟ ಸಂಗತಿ ಇನ್ನೊಂದು. ಯಾವ ಎಳೆ ಯಾವ ಚೌಕಟ್ಟಿಗೆ ಸೇರಿದೆ ಅನ್ನೋದು ಒಂದು ಮ್ಯಾಟ್ರಿಕ್ಸ್. ಯಾವ ಹಲಗೆ ತುಳಿದರೆ ಯಾವ ಚೌಕಟ್ಟು ಏಳುತ್ತೆ ಅನ್ನೋದು ಇನ್ನೊಂದು. ಯಾವ ಕ್ರಮದಲ್ಲಿ ತುಳೀತೀರಿ ಅನ್ನೋದು ಮೂರನೆಯದು. ಎಲ್ಲದರಲ್ಲೂ ಸೊನ್ನೆ, ಒಂದು ಮಾತ್ರ. ಮೂರನ್ನೂ ಬೂಲಿಯನ್ ರೀತಿಯಲ್ಲಿ ಗುಣಿಸಿದರೆ ಬರುವ ಉತ್ತರವೇ ಬಟ್ಟೆಯ ಡಿಸೈನ್. ಮೊದಲ ವರ್ಷದ ಗಣಿತದಲ್ಲಿ "ಇದೆಲ್ಲ ಎಲ್ಲಿ ಉಪಯೋಗ ಸರ್" ಅಂತ ಕೇಳಿದವರಿಗೆ ಇದೊಂದು ಉತ್ತರ.

ಹಾಗಾದ್ರೆ ಆ ಮನೆಯಲ್ಲಿ ಕಷ್ಟ ಎಲ್ಲಿದೆ? ಕಾಕಾ, ಕಾಕು ಇಬ್ಬರೂ ನೇಯ್ಗೆ ಅಂತ ಹೇಳಲಿಲ್ಲ. ನೇಯುವಾಗ ಕೈ ತಾನೇ ಓಡುತ್ತೆ ಅಂದರು. ಕಷ್ಟ ಇರೋದು ನೇಯ್ಗೆಗೆ ಮೊದಲು. ನೂಲು ಬಿಡಿಸೋದು, ಕಂಡಿಕಿ ಸುತ್ತೋದು, ಹಾಸು ಮಾಡೋದು, ಗಂಜಿ ಹಾಕೋದು, ಕೊಂಡಿ ಕೂಡಿಸೋದು. ಈ ಕೆಲಸದಲ್ಲಿ ಹೆಚ್ಚಿನದು ಹೆಂಗಸರದ್ದು, ಮತ್ತು ಅದಕ್ಕೆ ಬೇರೆಯಾಗಿ ಕೂಲಿ ಇಲ್ಲ. ಸೀರೆಗೆ ಇಷ್ಟು ಅಂತ ಮಾಲೀಕ ಕೊಡುವ ಕೂಲಿ ಮನೆಗೆ ಬರುತ್ತೆ, ಕಾಕುವಿನ ಹೆಸರಿಗೆ ಬರೋದಿಲ್ಲ. ಕಾಕು ಕಂಡಿಕಿ ಸುತ್ತುತ್ತಾ ತಮ್ಮ ಹೆಗಲು ತೋರಿಸಿದರು. ಬಲಗೈ ಮೇಲೆತ್ತಲಿಕ್ಕೆ ಬರೋದಿಲ್ಲ. ಒಂದು ಮೋಟರು ಬೇಕಾದದ್ದು ಅಲ್ಲಿ! ಕಂಡಿಕಿ ಸುತ್ತೋ ರಾಟಿಗೆ ಮೋಟರ್ ಹಾಕಿದರೆ ಮಗ್ಗ ಕೈಮಗ್ಗವಾಗಿಯೇ ಇರುತ್ತೆ. ಹಾಗೆ ಹಾಕಿಸಿಕೊಂಡ ಮನೆಗಳೂ ಇವೆ. ಆದರೆ ಆ ಮನೆಯ ರಾಟಿಗೆ ಅದು ಬಂದಿರಲಿಲ್ಲ.

ಇನ್ನು ಬಣ್ಣ. ಇದು ನಮ್ಮ ಪ್ರಕಾರ ಎಂಜಿನಿಯರಿಂಗ್ ಕಾಲೇಜಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಆದರೆ ಒಂದೇ ಒಂದು ಪೋಸ್ಟರ್ ಇದರ ಮೇಲೆ ನಾವು ಕಂಡಿಲ್ಲ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿದ. ಆಗ ಅವನಿಗೆ 18 ವರ್ಷ, ನಮಗಿಂತ ಒಂದು ವರ್ಷ ಚಿಕ್ಕವ. 1868ರಲ್ಲಿ ಮಂಜಿಷ್ಠೆಯ ಬೇರಿನ ಕೆಂಪಿಗೆ ಕಾರಣವಾದ ಅಲಿಝರಿನ್ ಲ್ಯಾಬಿನಲ್ಲಿ ತಯಾರಾಯಿತು, 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಸಿಂಥೆಟಿಕ್ ನೀಲಿಯನ್ನ ಮಾರುಕಟ್ಟೆಗೆ ಬಿಟ್ಟಿತು. ಭಾರತದ ನೀಲಿ ಬೆಳೆ ಅಲ್ಲಿಂದ ಕೆಲವೇ ವರ್ಷಗಳಲ್ಲಿ ನೆಲ ಕಚ್ಚಿತು. ಇವತ್ತು ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳು 1956ರಲ್ಲಿ ಬಂದವು. ಇವು ನೂಲಿನ ಸೆಲ್ಯುಲೋಸ್ ಜೊತೆ ನೇರವಾಗಿ ಕೋವೇಲೆಂಟ್ ಬಾಂಡ್ ಮಾಡಿಕೊಳ್ಳುತ್ತವೆ, ಅದಕ್ಕೇ ತೊಳೆದರೂ ಹೋಗೋದಿಲ್ಲ. ಆದರೆ ಹಾಕಿದ ಬಣ್ಣ ಪೂರ್ತಿ ನೂಲಿಗೆ ಅಂಟೋದಿಲ್ಲ. ಒಂದು ಪಾಲು ನೀರಿನ ಜೊತೆಗೇ ಪ್ರತಿಕ್ರಿಯಿಸಿ, ಉಪ್ಪು ಮತ್ತು ಸೋಡಾದ ಜೊತೆ ಗಟಾರಕ್ಕೆ ಹೋಗುತ್ತೆ. ದೊಡ್ಡ ಮಿಲ್ಲಿಗೆ ಶುದ್ಧೀಕರಣ ಘಟಕ ಇರಬೇಕು ಅಂತ ನಿಯಮ ಇದೆ. ಹಿತ್ತಲಲ್ಲಿ ಎರಡು ಹಂಡೆ ಇಟ್ಟು ಬಣ್ಣ ಹಾಕುವವರ ನೀರು ಎಲ್ಲಿ ಹೋಗಬೇಕು?

"ನೈಸರ್ಗಿಕ ಬಣ್ಣ ಹಾಕಿದ್ರಾಯ್ತಲ್ಲ" ಅಂತ ಇನ್‌ಸ್ಟಾಗ್ರಾಮ್ ಹೇಳುತ್ತೆ. ನಾವು ಸಣ್ಣದಾಗಿ ಮಾಡಿ ನೋಡಿದ್ವಿ. ದಾಳಿಂಬೆ ನಮ್ಮ ಜಿಲ್ಲೆಯ ಬೆಳೆ, ಸಿಪ್ಪೆಗೆ ದುಡ್ಡಿಲ್ಲ. ನೂರು ಗ್ರಾಂ ಹತ್ತಿ ನೂಲನ್ನ ಸೋಡಾ ಹಾಕಿ ಕುದಿಸಿ ಎಣ್ಣೆ ಜಿಡ್ಡು ತೆಗೆದು, ಅಳಲೆಕಾಯಿ ನೀರಿನಲ್ಲಿ ನೆನೆಸಿ, ಪಟಿಕದ ನೀರಿನಲ್ಲಿ ಅದ್ದಿ, ಆಮೇಲೆ ನೂಲಿನಷ್ಟೇ ತೂಕದ ಒಣ ಸಿಪ್ಪೆಯ ಕಷಾಯದಲ್ಲಿ ಒಂದು ಗಂಟೆ ಕಾಯಿಸಿದ್ವಿ. ಚಂದದ ಹಳದಿ. ಅದೇ ನೂಲಿನ ಅರ್ಧವನ್ನ ತುಕ್ಕು ಮೊಳೆ, ಬೆಲ್ಲ ಕೊಳೆಸಿದ ನೀರಿನಲ್ಲಿ ಅದ್ದಿದ ಕೂಡಲೇ ಕಣ್ಣೆದುರೇ ಹಸಿರು ಬೆರೆತ ಬೂದು. ಮೆಸ್ಸಿನ ಭಟ್ಟರು ಈರುಳ್ಳಿ ಸಿಪ್ಪೆ ಕೂಡ ಚೀಲ ತುಂಬ ಕೊಟ್ಟರು, ಆದರೆ ಅವರ ಪಾತ್ರೆಯನ್ನ ಮಾತ್ರ ಕೊಡಲಿಲ್ಲ. (ಬುದ್ಧಿವಂತರು. ಬಣ್ಣದ ಪಾತ್ರೆಯನ್ನ ಅಡುಗೆಗೆ ಮತ್ತೆ ಬಳಸಬಾರದು.)

ಆದರೆ ಈ ನೂರು ಗ್ರಾಮಿಗೆ ಹೋದ ನೀರು ಮೂರು ಬಕೆಟ್‌ಗಿಂತ ಹೆಚ್ಚು. ಬೆಂಕಿ ಬೇರೆ. ಎರಡನೇ ಸಲ ಮಾಡಿದಾಗ ಅದೇ ಹಳದಿ ಬರಲಿಲ್ಲ. ಬರೋದೂ ಕಷ್ಟ, ಸಿಪ್ಪೆ ಬೇರೆ ಗಿಡದ್ದು, ನೀರು ಬೇರೆ ದಿನದ್ದು. ನೈಸರ್ಗಿಕ ಅಂದ ತಕ್ಷಣ ನಿರಪಾಯವೂ ಅಲ್ಲ. ಬಣ್ಣ ಹಿಡಿಸಲು ಪಟಿಕದ ಬದಲು ಕ್ರೋಮಿಯಂ ಲವಣ ಹಾಕಿದರೆ ಅದು ವಿಷವೇ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಂಗಸರು ಅಡಿಕೆ ಚೊಗರಿನಂಥ ಬಣ್ಣಗಳನ್ನ ಹಾಕಿ ಕೈಮಗ್ಗದ ಬಟ್ಟೆ ಮಾಡಿ ಮಾರಿದ್ದು ಸುಮ್ಮನೆ ಆದದ್ದಲ್ಲ, ಅದರ ಹಿಂದೆ ವರ್ಷಗಟ್ಟಲೆ ಲೆಕ್ಕ, ಅಳತೆ, ಸಂಘಟನೆ ಇದೆ. ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡ ಅಂತ 2017ರಲ್ಲಿ ರಂಗಕರ್ಮಿ ಪ್ರಸನ್ನ ಉಪವಾಸ ಕೂತದ್ದು ಅದೇ ಅನುಭವದ ಮೇಲೆ. ಬಣ್ಣ ನೈಸರ್ಗಿಕವೋ ರಾಸಾಯನಿಕವೋ ಅನ್ನೋ ಜಗಳಕ್ಕಿಂತ, ಅಳತೆ ಇದೆಯೋ ಇಲ್ಲವೋ ಅನ್ನೋದು ಮುಖ್ಯ ಅಂತ ನಮಗೆ ಅನಿಸಿದ್ದು ಆ ಎರಡನೇ ಹಳದಿ ನೋಡಿದ ಮೇಲೆ.

ಅಳತೆ ಅಂದ್ರೆ ನೀರಿನಿಂದ ಶುರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಡೋಣಿ ನದಿಯ ನೀರಂತೂ ಉಪ್ಪು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಣ್ಣದ ಜೊತೆ ಸೇರಿ ಅದನ್ನ ಕರಗದಂತೆ ಮಾಡುತ್ತವೆ, ನೂಲಿನ ಮೇಲೆ ಕಲೆ ಕಲೆ ಕೂರುತ್ತೆ. ಒಂದು ಲಡಿ ಕಡು ಕೆಂಪು, ಪಕ್ಕದ ಲಡಿ ಮಸುಕು. ಎರಡನ್ನೂ ಒಂದೇ ಸೀರೆಗೆ ಹಾಕಿದರೆ ಮಾಲೀಕ ಕೂಲಿ ಮುರಿಯುತ್ತಾನೆ. ಈಗ ನೆನಪು ಮಾಡಿಕೊಳ್ಳಿ. ಮೊದಲ ವರ್ಷ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವೆಲ್ಲ ಇಡಿಟಿಎ ಟೈಟ್ರೇಶನ್ ಮಾಡಿದ್ವಿ. ಕೆಂಪು ದ್ರಾವಣ ನೀಲಿ ಆಗುವ ತನಕ ಹನಿ ಹನಿ ಬಿಟ್ಟು, ರೀಡಿಂಗ್ ಬರೆದು, ರೆಕಾರ್ಡಿಗೆ ಸಹಿ ಹಾಕಿಸಿದ್ವಿ. ಅದು ನೀರಿನ ಗಡಸುತನದ ಪರೀಕ್ಷೆ. ಒಂದು ಕಾಲೇಜಿನಲ್ಲಿ ವರ್ಷಕ್ಕೆ ನೂರಾರು ಹುಡುಗ ಹುಡುಗಿಯರು ಲ್ಯಾಬಿನವರೇ ತಯಾರಿಸಿಟ್ಟ ನೀರಿನ ಗಡಸುತನ ಅಳೆದು ಚೆಲ್ಲುತ್ತಾರೆ, ಅಷ್ಟು ದೂರದಲ್ಲಿ ಒಂದು ಮನೆಯವರಿಗೆ ತಮ್ಮ ನೀರು ಎಷ್ಟು ಗಡಸು ಅಂತ ಗೊತ್ತಿಲ್ಲದೆ ಕೂಲಿ ಮುರಿಯುತ್ತೆ.

ಇದನ್ನೆಲ್ಲ ಹೇಳಿದಾಗ ಗೆಳೆಯರು ಒಂದು ಪ್ರಶ್ನೆ ಕೇಳ್ತಾರೆ, ಮತ್ತು ಅದು ಗಟ್ಟಿ ಪ್ರಶ್ನೆ. ಐದು ಸಾವಿರದ ಕೆಲಸವನ್ನ ಯಾಕೆ ಉಳಿಸಬೇಕು? ಅವರ ಮಕ್ಕಳು ಓದಿ ಬೆಂಗಳೂರಿಗೆ ಹೋದರೆ ತಪ್ಪೇನು? ತಪ್ಪಿಲ್ಲ. ನೇಕಾರರ ಮಕ್ಕಳು ನೇಕಾರರೇ ಆಗಿರಲಿ, ನಾವು ಹಬ್ಬಕ್ಕೆ ಫೋಟೊ ತೆಗೀತೀವಿ ಅನ್ನೋ ಧಾಟಿ ನಮಗೂ ಅಸಹ್ಯ. ನಮ್ಮದೇ ಬ್ಯಾಚಿನಲ್ಲಿ ನೇಕಾರ ಮನೆಯ ಹುಡುಗ ಒಬ್ಬ ಇದ್ದಾನೆ. ಫಾರಂನಲ್ಲಿ ತಂದೆಯ ಉದ್ಯೋಗ ಅನ್ನೋ ಕಡೆ "ಪ್ರೈವೇಟ್" ಅಂತ ಬರೀತಾನೆ. ಅವನಿಗೆ ಮಗ್ಗಕ್ಕೆ ವಾಪಸ್ ಹೋಗು ಅನ್ನೋ ಹಕ್ಕು ಯಾರಿಗೂ ಇಲ್ಲ. ಆದರೆ ಬಿಟ್ಟು ಬರುವವರಿಗೆ ಕಾಲೇಜು ಇದೆ, ಕೋಚಿಂಗ್ ಇದೆ, ಪ್ಲೇಸ್‌ಮೆಂಟ್ ಸೆಲ್ ಇದೆ. ಅಲ್ಲೇ ಇರುವ ಅವನ ಅವ್ವನಿಗೆ ಒಂದು ರಾಟಿ ಮೋಟರೂ ಇಲ್ಲ. ಆಕೆಗೆ ಈಗ ಐವತ್ತರ ಹತ್ತಿರ. ಆಕೆ ಇನ್ನು ಪೈಥಾನ್ ಕಲಿಯೋದಿಲ್ಲ. ಉಳಿದ ಹತ್ತು ಹದಿನೈದು ವರ್ಷ ಆಕೆ ಸುತ್ತೋದು ಕಂಡಿಕಿಯನ್ನೇ.

ಮತ್ತೊಂದು ವಾದ: ಮಾರುಕಟ್ಟೆ ನಿರ್ಧಾರ ಮಾಡುತ್ತೆ, ಒಳ್ಳೆಯದು ಉಳಿಯುತ್ತೆ. ಅದಕ್ಕೆ ಹುಬ್ಬಳ್ಳಿಯ ಬೆಂಗೇರಿಯನ್ನ ನೋಡಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ, ಅದಕ್ಕೆ ಬೇಕಾದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದು ಬರುತ್ತೆ. ನಮ್ಮ ಸಿವಿಲ್ ಗೆಳೆಯರಿಗೆ ಐಎಸ್ 456 ಬಾಯಿಪಾಠ. ಐಎಸ್ 1 ಯಾವುದು ಗೊತ್ತಾ? ರಾಷ್ಟ್ರಧ್ವಜದ ಮಾನದಂಡ. ನೂಲು, ನೇಯ್ಗೆ, ಬಣ್ಣ ಎಷ್ಟು ಗಟ್ಟಿ ಇರಬೇಕು, ಎಲ್ಲಕ್ಕೂ ಅಳತೆ ಇದೆ. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆ ಆ ಅಳತೆಯನ್ನ ಪಾಸು ಮಾಡುತ್ತಾ ಬಂದಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಆಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು. ಮರುವರ್ಷ ಆಗಸ್ಟ್‌ನಲ್ಲಿ ಮನೆಮನೆ ಮೇಲೆ ಬಾವುಟ ಹಾರಿದವು, ನಮ್ಮ ಹಾಸ್ಟೆಲ್ ಮೇಲೂ ಹಾರಿತು, ಪಾಲಿಯೆಸ್ಟರಿನದ್ದು. ಮಾರುಕಟ್ಟೆ ಅಲ್ಲಿ ಒಂದು ಕಾಗದ ಬದಲಾದ ಮೇಲೆ ನಿರ್ಧಾರ ಮಾಡಿತು. ಮಗ್ಗದ ವಿಷಯದಲ್ಲಿ ಒಂದು ಪದದ ಅರ್ಥ ಬದಲಾದರೂ ಎಷ್ಟೋ ಮನೆಯ ಒಲೆಗೆ ಗೊತ್ತಾಗುತ್ತೆ. ಅದಕ್ಕೇ ಮೋಟರ್ ವಿಷಯದಲ್ಲಿ ಇಷ್ಟು ಹಟ ನಮ್ಮದು.

ಮುಂದಿನ ಎಕ್ಸ್‌ಪೋಗೆ ನಮ್ಮ ಕ್ಲಬ್ಬಿನಿಂದ ಮೂರು ಟೀಂ ಹೆಸರು ಕೊಟ್ಟಿದ್ದೇವೆ. ಮೆಕ್ಯಾನಿಕಲ್‌ನವರು ಕಂಡಿಕಿ ರಾಟಿಗೆ ಕಾಲಿನಿಂದ ನಿಲ್ಲಿಸಬಹುದಾದ ಮೋಟರ್ ಮಾಡುತ್ತಿದ್ದಾರೆ, ಹಳೇ ಹೊಲಿಗೆ ಮಶೀನಿನ ಮೋಟರ್ ಸಿಕ್ಕಿದೆ. ಎಲೆಕ್ಟ್ರಾನಿಕ್ಸ್‌ನ ಇಬ್ಬರು ಕುಣಿಯೊಳಗಿನ ತೇವ, ಬಿಸಿ ಅಳೆಯುವ ಡಬ್ಬಿ ಮಾಡಿದ್ದಾರೆ, ಅದರ ಬ್ಯಾಟರಿ ಇನ್ನೂ ಎರಡು ದಿನಕ್ಕೇ ಸಾಯುತ್ತೆ. ನಾವು ನೀರಿನವರು. ಕೆಮಿಸ್ಟ್ರಿ ಲ್ಯಾಬಿನ ಅಸಿಸ್ಟೆಂಟ್ ಅಣ್ಣ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಬಾಗಿಲು ತೆಗೆದಿಡಲು ಒಪ್ಪಿದ್ದಾರೆ. ದಸರಾ ರಜೆಗೆ ಊರಿಗೆ ಹೋಗುವವರು, ಅದರಲ್ಲೂ ಇಳಕಲ್, ಗುಳೇದಗುಡ್ಡ, ಗಜೇಂದ್ರಗಡ, ರಬಕವಿ ಕಡೆಯವರು, ಬಣ್ಣ ಹಾಕುವ ಮನೆಯ ನೀರನ್ನ ಒಂದು ಲೀಟರ್ ಬಾಟಲಿಯಲ್ಲಿ ತುಂಬಿ ತನ್ನಿ. ಬಾಟಲಿಯನ್ನ ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು, ಮೇಲೆ ಊರು ಮತ್ತು ತಾರೀಕು ಬರೀರಿ. ಸ್ಪ್ರೈಟ್ ಬಾಟಲಿ ಆದೀತು.